ಎರಡನೆಯ ಕಡತ

ನೀತಿಶಾಸ್ತ್ರ ಬೋಧಿಸಿ ನಿವೃತ್ತರಾದ ಮೇಷ್ಟ್ರು ಉಸಿರಾಟದ ಯಂತ್ರ ಯಾರಿಗೆಂದು ತೀರ್ಮಾನಿಸುವ ಆಸ್ಪತ್ರೆಯ ಮೂವರ ಸಮಿತಿಗೆ ಬರೆದುಕೊಟ್ಟಿದ್ದ ನಿಯಮಗಳು ಮೂರೇ. ಕಡತದಲ್ಲಿ ರೋಗಿಯ ಹೆಸರಿರಕೂಡದು. ಗುರುತು ಹತ್ತಿದ ಸದಸ್ಯನು ಎದ್ದು ಹೋಗತಕ್ಕದ್ದು. ಮತ ಸಮವಾದರೆ ಮೊದಲು ಬಂದವನಿಗೆ ಯಂತ್ರ. ಮುಖ ಕಂಡರೆ ನ್ಯಾಯ ಕೆಡುತ್ತದೆಂದು ಮೂವತ್ತು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡವರು ಅವರು.

ಅಂದು ಉಸಿರಾಟದ ಯಂತ್ರ ಒಂದೇ ಖಾಲಿಯಿತ್ತು, ಕಡತಗಳು ಎರಡು. ಯಂತ್ರವಿಲ್ಲದೆ ಇಬ್ಬರು ರೋಗಿಗಳೂ ಸಂಜೆ ಕಾಣುವುದು ಕಷ್ಟ. ಡಾಕ್ಟರು ಮೊದಲನೆಯದಕ್ಕೆ ಕೈಯೆತ್ತಿದರು, ಹಿರಿಯ ನರ್ಸಮ್ಮ ಎರಡನೆಯದಕ್ಕೆ.

"ಇನ್ನು ನಿಮ್ಮದೇ ಮೇಷ್ಟ್ರೇ. ಬೇಗ ಹೇಳಿ, ಅವರ ಉಸಿರು ನಿಮ್ಮ ಪಾಠದಷ್ಟು ಉದ್ದ ಇಲ್ಲ," ಎಂದರು ನರ್ಸಮ್ಮ.

ಮೇಷ್ಟ್ರು ಎರಡನೆಯ ಕಡತದ ಹಾಳೆ ತಿರುವಿದರು. ಗಡಿಯಾರ ರಿಪೇರಿಯವನು. ಬಲಗೈ ಹೆಬ್ಬೆರಳಿನ ತುದಿಯಿಲ್ಲ. ಬಾಲ್ಯದಲ್ಲಿ ಬಾಗಿಲಿಗೆ ಸಿಕ್ಕಿದ್ದು. ಆ ಬಾಗಿಲನ್ನು ದೂಡಿದ್ದು ಮೇಷ್ಟ್ರದೇ ಕೈ.

ಮೊನ್ನೆ ತಮ್ಮನ ಹೆಂಡತಿ ಫೋನು ಮಾಡಿ, "ಭಾವ, ಡಾಕ್ಟರಿಗೆ ಒಂದು ಮಾತು ಹೇಳಿ, ಬೇಗ ಸೇರಿಸ್ಕೊಳ್ಳಲಿ," ಎಂದು ಅಂಗಲಾಚಿದ್ದಳು. "ಎಲ್ಲರ ಹಾಗೆ ಸರದೀಲಿ ಬನ್ನಿ," ಎಂದಿದ್ದರು. ಸರದಿಯಲ್ಲಿ ನಿಂತದ್ದಕ್ಕೇ ತಮ್ಮ ಅರ್ಧ ದಿನ ತಡವಾಗಿ ಎರಡನೆಯವನಾಗಿದ್ದ.

ಕೈಯೆತ್ತಿದರೆ ತಮ್ಮ ಉಳಿದಾನು. ಎದ್ದು ಹೋದರೆ ಮತ ಸಮ. ಗುರುತು ಹತ್ತಿದ್ದು ಯಾರಿಗೂ ತಿಳಿಯುವಂತಿರಲಿಲ್ಲ. ಕೈ ಮೇಜಿನಿಂದ ಗೇಣುದ್ದ ಮೇಲೆದ್ದಿತು.

"ಎರಡನೇದಾ?" ಡಾಕ್ಟರು ಕೇಳಿದರು.

ಕೈ ಅಲ್ಲೇ ನಿಂತಿತು. ಮೊದಲನೆಯವನು ಬಸ್ಸು ಓಡಿಸುವವನು. ಅವನಿಗೂ ಒಬ್ಬ ಅಣ್ಣನಿದ್ದಾನು. ಆದರೆ ಆ ಅಣ್ಣ ಈ ಕೋಣೆಯೊಳಗಿಲ್ಲ.

"ಗುರುತು ಹತ್ತಿತು," ಎಂದು ಮೇಷ್ಟ್ರು ಕುರ್ಚಿ ಸರಿಸಿ ಎದ್ದರು.

ನರ್ಸಮ್ಮನ ದನಿಯಲ್ಲಿ ಈಗ ಕುಹಕವಿರಲಿಲ್ಲ. "ಕೂತ್ಕೊಳ್ಳಿ ಮೇಷ್ಟ್ರೇ. ನಾನೇನೂ ಕೇಳಿಸ್ಕೊಂಡಿಲ್ಲ."

"ನಾನು ಹೇಳಿ ಆಯ್ತಲ್ಲಮ್ಮ."

ಹೊರಗೆ ಬೆಂಚಿನ ಮೇಲೆ ತಮ್ಮನ ಹೆಂಡತಿ ಗಂಡನ ಕನ್ನಡಕ ಹಿಡಿದು ಕೂತಿದ್ದಳು. ಅವರನ್ನು ಕಂಡವಳೇ ಎದ್ದು, "ಭಾವ! ಒಳಗೆ ನೀವಿದ್ರಾ? ಸದ್ಯ, ಬದುಕಿದ್ವಿ!" ಎಂದಳು.

"ನಾನು ಎದ್ದು ಬಂದೆ ಕಣಮ್ಮ. ಯಂತ್ರ ಇನ್ನೊಬ್ಬರಿಗೆ."

"ಅವರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ನಾವು?"

ಅವಳು ಕನ್ನಡಕವನ್ನು ಅವರ ಅಂಗೈಗೆ ತುರುಕಿದಳು.

"ನೀವೇ ಹೋಗಿ ಹೇಳಿ. ಬೆಳಗಿನಿಂದ ಅಣ್ಣ ಎಲ್ಲಿ, ಅಣ್ಣ ಎಲ್ಲಿ ಅಂತಿದ್ದಾರೆ."

ಮೇಷ್ಟ್ರು ವಾರ್ಡಿನ ಬಾಗಿಲನ್ನು, ಅದರ ಸಂದಿಯಲ್ಲಿ ಯಾರದೋ ಬೆರಳಿದೆಯೆಂಬಂತೆ, ಮೆಲ್ಲಗೆ ದೂಡಿ ಒಳಗೆ ಹೋದರು.