ಮೊದಲ ವಿಳಾಸ

ಹೆರಿಗೆ ಕೋಣೆಯ ಬೀಗದಕೈ ಮೇಜಿನ ಮೇಲಿಟ್ಟು ದಾದಿ ಎನಿಫಾ ರಾಜೀನಾಮೆ ಬರೆಯುತ್ತಿದ್ದಾಗ ವಿತುಂಬಿಕೊ ಬಾಗಿಲಲ್ಲಿ ಬಂದು ನಿಂತ. ಬ್ಲಾಂಟೈರಿನ ರಕ್ತ ಪೂರೈಕೆ ಕಚೇರಿಯವನೆಂದು ಹೇಳಿಕೊಂಡ. ವಿಚಾರಣೆ ಮುಗಿದಿದೆಯಲ್ಲ, ಇನ್ನೇನು ಉಳಿದಿದೆ ಎಂದು ಅವಳು ತಲೆಯೆತ್ತದೆ ಕೇಳಿದಳು.

ಮುಗಿದಿತ್ತು, ನಿಜ. ಹೆತ್ತ ಮೇಲೆ ರಕ್ತ ನಿಲ್ಲದೆ ಟಿಯಾಮಿಕೆ ಸತ್ತು ಮೂರು ವಾರವಾಗಿತ್ತು. ಎನಿಫಾ ರಕ್ತಕ್ಕಾಗಿ ಫೋನಿನಿಂದ ಕೋರಿಕೆ ಕಳಿಸಿದ್ದಳು, ರಕ್ತ ಬಂದಿರಲಿಲ್ಲ. ಕೋರಿಕೆ ಕಳಿಸಿದ್ದು ಹೌದು, ಆದರೆ ಫೋನು ಬಳಸಲು ಬಾರದೆ ಏನೋ ಎಡವಟ್ಟು ಮಾಡಿರಬೇಕು ಎಂದು ಷರಾ ಬರೆದು ಕಚೇರಿ ಕೈತೊಳೆದುಕೊಂಡಿತು. ಮೇಲಿನವರ ತಪ್ಪು ಹೊರಲು ಕೆಳಗಿನವರ ಬೆನ್ನು ಎಲ್ಲೆಲ್ಲೂ ಅಗ್ಗ. ಆಮೇಲೆ ಆ ಊರು ಚಿಪಾಸುಲದ ಹೆಂಗಸರು ಅವಳನ್ನು ಕಂಡರೆ ದಾರಿ ಬದಲಿಸಿದರು. ಬಸುರಿಯರು ಹೊಳೆ ದಾಟಿ ಬೇರೆ ಕಡೆ ಹೋದರು.

ಫೋನಿನಿಂದ ಹೊರಟ ಕೋರಿಕೆಯ ನೆತ್ತಿಯ ಮೇಲೆ ಹೆಡರ್ ಎಂಬ ಚೀಟಿ ಇರುತ್ತದೆ. ದಾರಿಯಲ್ಲಿ ಅದನ್ನು ದಾಟಿಸುವ ಪ್ರತಿ ಯಂತ್ರದ ಗುರುತೂ ಚೀಟಿಯ ತುದಿಗೆ ಒಂದೊಂದು ವಿಳಾಸವಾಗಿ ಸೇರುತ್ತದೆ. ಕೋರಿಕೆಗಳನ್ನು ಬರಮಾಡಿಕೊಳ್ಳುವ ಕಚೇರಿಯ ಗೇಟ್‌ವೇ ಯಂತ್ರ ಆ ಚೀಟಿಯಿಂದ ಒಂದು ವಿಳಾಸ ಹೆಕ್ಕಿ, ರಕ್ತ ಯಾವ ಊರಿಗೆ ಎಂದು ತೀರ್ಮಾನಿಸಬೇಕು. ಆ ನಿಯಮ ಬರೆದವನು ವಿತುಂಬಿಕೊ. ಕೊನೆಯದನ್ನು ಹೆಕ್ಕು ಎಂದು ಬರೆದಿದ್ದ. ಆಗ ಚೀಟಿಯಲ್ಲಿ ಇದ್ದದ್ದೇ ಒಂದು ವಿಳಾಸ. ಆಮೇಲೆ ಸರೋವರದ ದಂಡೆಯ ಪಟ್ಟಣದಲ್ಲಿ, ನಡುವೆ, ಹೊಸ ಯಂತ್ರವೊಂದು ಬಂತು. ಮೊದಲು ಚಿಪಾಸುಲ, ಕೊನೆಗೆ ಪಟ್ಟಣ ಎಂದಾಯಿತು; ಗೇಟ್‌ವೇ ಕೊನೆಯದನ್ನೇ ಹೆಕ್ಕಿತು. ಅವನಿಗೆ ಯಾರೂ ಹೇಳಲಿಲ್ಲ, ಅವನೂ ನೋಡಲಿಲ್ಲ.

ತಪ್ಪು ಸಿಕ್ಕಾಗ ಮೇಲಧಿಕಾರಿ, ಸದ್ದಿಲ್ಲದೆ ತಿದ್ದಿಬಿಡು ಎಂದ. ಕೊನೆಯದು ಎಂಬಲ್ಲಿ ಮೊದಲನೆಯದು ಎಂದು ಒಂದೇ ಪದ ಬದಲಿಸಿದ್ದಕ್ಕೆ ಸರಿಹೋಯಿತು. ತಪ್ಪು ಅಷ್ಟು ಸಣ್ಣದಾಗಿತ್ತಲ್ಲ ಎಂಬುದನ್ನೇ ಅವನಿಗೆ ತಡೆಯಲಾಗಲಿಲ್ಲ. ಮರುದಿನ ಮಿನಿಬಸ್ ಹತ್ತಿದ.

"ತಪ್ಪು ನಂದು ಸಿಸ್ಟರ್. ನೀವು ಸರಿಯಾಗೇ ಕೇಳಿದ್ರಿ."

ಎನಿಫಾ ಪೆನ್ನು ಕೆಳಗಿಟ್ಟಳು. "ನನಗೆ ಹೇಳಿ ಏನು ಬಂತು? ಬಾ, ಅವಳ ತಾಯಿಗೆ ಹೇಳು" ಎಂದಳು.

ಟಿಯಾಮಿಕೆಯ ತಾಯಿ ಮಾವಿನ ಮರದಡಿ ಚಾಪೆಯ ಮೇಲೆ ಕೂತು ಮೊಮ್ಮಗಳಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ, ನೆಪ ಹೂಡಲಿಲ್ಲ. ಯಂತ್ರದ ಮಾತು ಅವಳಿಗೆ ಬೇಕಿರಲಿಲ್ಲ.

"ರಕ್ತ ಹೊರಟಿತ್ತಾ?"

"ಹೊರಟಿತ್ತು ಅಮ್ಮ. ಜಿಲ್ಲಾಸ್ಪತ್ರೆಯಿಂದ ನಲವತ್ತು ನಿಮಿಷಕ್ಕೆ ಮೋಟರ್‌ಸೈಕಲ್ ಪಟ್ಟಣ ಮುಟ್ತು."

"ಇಲ್ಲಿಗೆ ಎಷ್ಟೊತ್ತು ಬೇಕಿತ್ತು?"

"ಅಷ್ಟೇ."

"ಅವಳು ಎರಡು ಗಂಟೆ ಬದುಕಿದ್ಲು" ಎಂದಳು ತಾಯಿ. "ಮೋಟರ್‌ಸೈಕಲ್ ಸದ್ದು ಕೇಳಿಸ್ತಾ ಅಂತ ಕೇಳ್ತಾನೇ ಇದ್ಲು." ಮಗುವಿನ ಬಾಯಿ ಒರೆಸಿದಳು. "ಆ ರಕ್ತ ಯಾರಿಗೆ ಕೊಟ್ರು?"

"ಯಾರಿಗೂ ಇಲ್ಲ. ಪಟ್ಟಣದವರು, ಇಲ್ಲಿ ಯಾರೂ ಕೇಳಿಲ್ಲ ಅಂತ ವಾಪಸ್ ಕಳಿಸಿದ್ರು."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಮಗುವನ್ನು ಎದೆಗೊತ್ತಿಕೊಂಡು ಚಾಪೆಯ ಅಂಚಿಗೆ ಸರಿದು ಎನಿಫಾಳಿಗೆ ಜಾಗ ಬಿಟ್ಟಳು. ಎನಿಫಾ ಕೂತಳು, ಮೂರು ವಾರ ತಡೆದಿದ್ದ ಅಳು ಈಗ ಬಂತು.

ವಿತುಂಬಿಕೊನಿಗೆ ಕೂರು ಎಂದು ಯಾರೂ ಹೇಳಲಿಲ್ಲ. ಅವನು ಬಿಸಿಲಿನಲ್ಲೇ ನಿಂತಿದ್ದ.