ಹಾಡು ನಿಂತ ಮಂಡಿ

ಮಧುಗಿರಿಯ ನಮ್ಮ ಮಂಡಿಯಲ್ಲಿ ಕಡಲೆಕಾಯಿ ಸುಲಿಯುವ ಹೆಂಗಸರು ಹಾಡಲೇಬೇಕಿತ್ತು. ಹಾಡುವ ಬಾಯಿ ಬೀಜ ಮೆಲ್ಲುವುದಿಲ್ಲ ಎಂಬುದು ನಮ್ಮ ಮಾವ ಚನ್ನಮಲ್ಲಯ್ಯನವರ ನಂಬಿಕೆ. ಹಾಡು ನಿಂತ ಕಡೆ ಮೇಸ್ತ್ರಿ ಅಡವಯ್ಯನ ಕೋಲು ನೆಲಕ್ಕೆ ಬಡಿಯುತ್ತಿತ್ತು. ಅವನು ಕಾಯಿಲೆ ಬಿದ್ದಾಗ, ಮಂಡಿ ನಾನು ನೋಡಿಕೊಳ್ಳುತ್ತೇನೆ ಎಂದೆ.

“ಮೈಸೂರಲ್ಲಿ ಬಿ.ಎ. ಓದಿದ ಸೊಸೆ, ನೋಡೋಣ. ಬೀಜ ಕಡಿಮೆ ಬಂದರೆ ಮತ್ತೆ ಅಡವಯ್ಯನೇ,” ಎಂದರು ಮಾವ.

ಮೊದಲ ದಿನವೇ ಹೆಂಗಸರಿಗೆ ಹೇಳಿದೆ: “ಮನಸ್ಸಿದ್ದರೆ ಹಾಡಿ, ಇಲ್ಲದಿದ್ದರೆ ಬೇಡ. ನನಗೆ ನಿಮ್ಮ ಮೇಲೆ ನಂಬಿಕೆ ಇದೆ.”

ಯಾರೂ ಹಾಡಲಿಲ್ಲ.

ಅಷ್ಟು ಮೌನವನ್ನು ನಾನು ಎಣಿಸಿರಲಿಲ್ಲ. ಸಿಪ್ಪೆ ಒಡೆಯುವ ಸದ್ದೆಲ್ಲ ಅಗಿಯುವ ಸದ್ದಿನಂತೆ ಕೇಳತೊಡಗಿತು. ಬಾಗಿಲಲ್ಲಿ ಕೂತೆ. ಎದ್ದೆ. ನೀರಿನ ನೆಪದಲ್ಲಿ ಒಳಗೊಂದು ಸುತ್ತು ಹಾಕಿ ಬಂದೆ, ಮತ್ತೆ ಕೂತೆ.

“ಯಾಕ್ ಅಮ್ಮಾರೆ, ಕುಂತ್ ಕಡೆ ಇರುವೆ ಕಚ್ತಾವಾ?” ಎಂದಳು ಹಿರಿಯಳಾದ ರಂಗಕ್ಕ. ಸಾಲಿನುದ್ದಕ್ಕೂ ನಗು. “ಅಡವಯ್ಯ ನಿಂತ್ ಕಡೇನೇ ನೋಡೋನು. ನೀವು ಸುತ್ಕಂಡ್ ಸುತ್ಕಂಡ್ ನೋಡ್ತೀರ.”

ಮುಖ ಬಿಸಿಯಾಯಿತು. “ಬೀಜ ಕಡಿಮೆ ಬಂದರೆ ಅಂತ ಭಯ, ರಂಗಕ್ಕ.”

“ಭಯ ಆದ್ರೆ ಬಂದ್ ನಮ್ ಜತ್ಗೆ ಸುಲೀರಿ. ಬಾಗ್ಲಲ್ಲಿ ಕುಂತ್ರೆ ಅದು ಕಾವ್ಲು ಕಣಮ್ಮ.”

ಹೋಗಿ ಕೂತೆ. ಬೆರಳ ತುದಿ ಉರಿಯುವ ಹೊತ್ತಿಗೆ ಮಾವನವರು ಬಂದು ಬಾಗಿಲಲ್ಲಿ ನಿಂತರು.

“ಹಾಡೆಲ್ಲಿ?”

ನನ್ನೆದುರು ಸುಲಿಯುತ್ತಿದ್ದ ಪುಟ್ಟಕ್ಕನ ಕೆನ್ನೆ ಉಬ್ಬಿತ್ತು. ಅವಳು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಮಾವನವರ ಕಣ್ಣಿಗೂ ಅದು ಬಿತ್ತು.

“ಬಾಯಿ ತೆಗಿ!”

“ತಿನ್ನು ಅಂದವಳು ನಾನೇ, ಮಾವ.” ಕೈಯಲ್ಲಿದ್ದ ಕಾಯಿ ಬಿಡದೆ ಹೇಳಿದೆ. “ಬಾಯಿ ಕಾಯೋ ಕೆಲಸ ನನ್ನಿಂದ ಆಗಲ್ಲ. ಬೀಜ ಕಡಿಮೆ ಬಂದರೆ ನನ್ನನ್ನು ಕೇಳಿ.”

“ಕೇಳ್ತೀನಿ. ಸಾಯಂಕಾಲ ತೂಕ ಹಾಕಿಸಿ ಕೇಳ್ತೀನಿ,” ಎಂದವರು ತಿರುಗಿ ನಡೆದರು.

ರಂಗಕ್ಕ ಪುಟ್ಟಕ್ಕನ ತೊಡೆ ಚಿವುಟಿದಳು. “ನುಂಗೇ ಬ್ಯಾಗ! ಅಮ್ಮಾರ ಮಾನ ನಿನ್ ಬಾಯಾಗೈತೆ.”

ಪುಟ್ಟಕ್ಕ ನುಂಗಿದಳು. ತುಟಿ ಒರೆಸಿಕೊಂಡು, ಮಡಿಲು ಬಿಚ್ಚಿ, ಅಲ್ಲಿ ಬಚ್ಚಿಟ್ಟಿದ್ದ ಒಂದು ಹಿಡಿ ಬೀಜವನ್ನು ಮೊರಕ್ಕೆ ಸುರಿದಳು. ಅವಳ ಪಕ್ಕದಲ್ಲೂ ಬೀಜ ಸುರಿದ ಸದ್ದಾಯಿತು. ಆಚೆ ಗೋಡೆಯ ಕಡೆಯಿಂದ ಇನ್ನೊಂದು.

ಯಾರೆಂದು ನೋಡಬೇಕೆನ್ನಿಸಿತು, ಬಹಳ. ತಲೆ ಎತ್ತದೆ ಕೈಯಲ್ಲಿದ್ದ ಕಾಯಿಯನ್ನು ಒಡೆದೆ.