ಮೊದಲನೇ ಸಾಲು

"ಮೇಡಂ, ಇನ್ನೂ ಕೆಳಗೆ ನೋಡಿ. ಏಳು ಕಾಲೇಜಿವೆ," ಎಂದ ಲಿಫ್ಟ್ ಮೆಕ್ಯಾನಿಕ್.

ಮೇಡಂ ಕೆಳಗೆ ನೋಡಲಿಲ್ಲ. ಶಾಲೆಯ ಕಚೇರಿಯ ಕಂಪ್ಯೂಟರಿನಲ್ಲಿ ಇದ್ದದ್ದೇ ಒಂದು ಸಾಲು. ಅವನ ಮಗಳ ಹೆಸರು, ಅಂಕ, ಸಿಕ್ಕ ಕಾಲೇಜು. ಬಸ್ಸಿನಲ್ಲಿ ಎರಡು ಸ್ಟಾಪ್ ದಾಟಿದರೆ ಸಿಗುವ ಹಳದಿ ಗೋಡೆಯ ಕಾಲೇಜು.

"ಇದನ್ಯಾಕೆ ಮೊದಲನೇದಾಗಿ ಹಾಕಿದ್ರಿ?"

"ನೀವೇ ಹೇಳಿದ್ರಲ್ಲ ಮೇಡಂ, ಒಂದಾದ್ರೂ ಗ್ಯಾರಂಟಿ ಸಿಗೋದು ಇರಲಿ ಅಂತ."

"ಇರಲಿ ಅಂದೆ. ಎಲ್ಲಕ್ಕಿಂತ ಮೇಲಿರಲಿ ಅನ್ನಲಿಲ್ಲ." ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಂಪ್ಯೂಟರು ಪಟ್ಟೀನ ಮೇಲಿಂದ ಓದುತ್ತೆ. ಎಲ್ಲಿ ಸೀಟು ಸಿಕ್ತೋ ಅಲ್ಲೇ ನಿಂತುಬಿಡುತ್ತೆ. ಇಷ್ಟು ಅಂಕ ತಗೊಂಡು ಬಂದ ಹುಡುಗೀನ ಆ ಕಾಲೇಜು ಬೇಡ ಅನ್ನುತ್ತಾ, ಹೇಳಿ?"

ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಚೀಲ ಭಾರವೂ ಅನ್ನಿಸಲಿಲ್ಲ, ಹಗುರವೂ ಅನ್ನಿಸಲಿಲ್ಲ.

ತಿಂಗಳ ಹಿಂದೆ ಇದೇ ಮೇಡಂ ಹೆತ್ತವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು, ಅರ್ಜಿಯಲ್ಲಿ ಎಂಟು ಕಾಲೇಜು ಬರೆಯಬಹುದು, ಕಾಲೇಜುಗಳಲ್ಲಿ ಮೂರು ಬಗೆ ಎಂದು. ಕೈ ಚಾಚಬೇಕಾದ್ದು, ಕೈಗೆಟುಕುವುದು, ಕೈಯೊಳಗೇ ಇರುವುದು. "ಎಡವೋದು ದಡ್ಡರಲ್ಲ, ಜಾಣ ಮಕ್ಕಳೇ. ಎಂಟಕ್ಕೆ ಎಂಟೂ ಆಕಾಶಾನೇ ಬರೀತಾರೆ. ಆಮೇಲೆ ಕಾಲೂರೋಕೆ ನೆಲ ಇರಲ್ಲ." ಕೊನೆಯ ಬೆಂಚಿನಲ್ಲಿ ಕೂತು ಕೇಳಿದವನಿಗೆ ಮಾತು ಎದೆಗೆ ನಾಟಿತ್ತು. ಇದು ಅವನ ಕಸುಬಿನದೇ ಮಾತು. ಲಿಫ್ಟನ್ನು ಎತ್ತುವುದು ಉಕ್ಕಿನ ಹಗ್ಗ. ಹಗ್ಗ ಕೈಕೊಟ್ಟ ದಿನ ಕಂಬಿಯನ್ನು ಕಚ್ಚಿ ಹಿಡಿಯುವುದು ಅಡಿಯಲ್ಲಿರುವ ಬ್ರೇಕು.

ಮಗಳು ಆರು ಬರೆದಿದ್ದಳು. ಆರೂ ಆಕಾಶವೇ. ಉಳಿದ ಎರಡು ಸಾಲು ಖಾಲಿ ಬಿಟ್ಟಿದ್ದಳು.

"ಅವೆರಡು ತುಂಬಿದ್ರೆ ನನ್ನ ಮೇಲೆ ನಂಗೇ ನಂಬಿಕೆ ಇಲ್ಲ ಅಂತಾಗುತ್ತೆ ಅಪ್ಪ."

"ಲಿಫ್ಟಿಗೆ ಬ್ರೇಕ್ ಹಾಕೋದು ಹಗ್ಗದ ಮೇಲಿನ ಅನುಮಾನಕ್ಕಲ್ಲ ಪುಟ್ಟಿ. ಒಳಗೆ ನಿಂತಿರೋರ ಮೇಲಿನ ಪ್ರೀತಿಗೆ."

ಅವಳು ನಕ್ಕುಬಿಟ್ಟಿದ್ದಳು. "ಹಂಗಾದ್ರೆ ನಿನ್ನ ಬ್ರೇಕ್ ನೀನೇ ಹುಡುಕ್ಕೊಂಡು ಹಾಕ್ಕೊ ಮಾರಾಯ. ನಂಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆ."

ಅವನು ಹುಡುಕಿದ. ಎರಡು ಭಾನುವಾರ ಹುಡುಕಿದ. ಕೈಗೆಟುಕುವ ಒಂದು ಕಾಲೇಜು ಊರಿನ ಆಚೆ ತುದಿಯಲ್ಲಿತ್ತು. ಅಲ್ಲಿಗೆ ಹೋಗಿ ಲ್ಯಾಬಿನ ಕಿಟಕಿಯಲ್ಲಿ ಇಣುಕಿ, ವಾಚ್‌ಮನ್ ಹತ್ತಿರ ಬೈಸಿಕೊಂಡು ಬಂದ. ಕೈಯೊಳಗಿರುವುದಕ್ಕೆ ಮಾತ್ರ ಅಲೆಯಬೇಕಾಗಿರಲಿಲ್ಲ. ಹಳದಿ ಗೋಡೆಯ ಕಾಲೇಜಿನ ಲಿಫ್ಟನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಅವನೇ. ಅಲ್ಲಿನ ಲೈಬ್ರರಿ ಸಂಜೆ ಏಳರವರೆಗೆ ತೆರೆದಿರುತ್ತದೆ, ಗಣಿತದ ಮೇಷ್ಟ್ರು ಮೂರು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತುತ್ತಾರೆ, ಎಲ್ಲ ಅವನಿಗೆ ಗೊತ್ತು. ಗೊತ್ತಿರುವ ಜಾಗ ಅರ್ಧ ಮನೆಯಿದ್ದ ಹಾಗೆ.

ಅರ್ಜಿ ಹಾಕುವ ಕಡೆಯ ದಿನ ಶಾಲೆಯ ಕ್ಲರ್ಕ್ ಪಕ್ಕ ಕೂತು, ಅವನು ಹೇಳುತ್ತಾ ಹೋದ, ಕ್ಲರ್ಕ್ ಒತ್ತುತ್ತಾ ಹೋದ. ಮೊದಲು ಬ್ರೇಕು, ಆಮೇಲೆ ಉಳಿದದ್ದು. ಲಿಫ್ಟಿನ ತಪಾಸಣೆಯ ಹಾಳೆಯಲ್ಲಿ ಮೊದಲನೇ ಸಾಲು ಬ್ರೇಕಿನದು. ಅದಕ್ಕೆ ಗುರುತು ಹಾಕದೆ ಎರಡನೆಯದಕ್ಕೆ ಕೈ ಹಾಕಿದವನನ್ನು ಅವನ ಗುರು ಕೆಲಸದಿಂದಲೇ ಓಡಿಸುತ್ತಿದ್ದ. "ಕ್ರಮ ಸರಿಯಿದೆ ತಾನೆ? ಒತ್ತಿದ್ರೆ ಬೀಗ ಬಿದ್ದಂಗೆ," ಎಂದು ಕ್ಲರ್ಕ್ ಕೇಳಿದ್ದ. "ಕ್ರಮದ ವಿಷ್ಯ ನನಗೆ ಹೇಳ್ತೀರಾ? ಒತ್ತಿ," ಎಂದಿದ್ದ ಇವನು.

ಮೇಡಂ ಹೇಳಿದ್ದನ್ನೆಲ್ಲ ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು. "ಊರ ಮಂದೀನೆಲ್ಲ ಮೇಲೆ ಹತ್ತಿಸಿದ್ರಿ. ಮಗಳನ್ನ ಒಳಗೆ ನಿಲ್ಲಿಸಿ ಕೆಳಗಿನ ಬಟನ್ ಒತ್ತಿಬಿಟ್ರಲ್ಲ," ಎಂದಳು. ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮಗಳು ಅಳುತ್ತಾಳೆಂದು ಕಾದ. ಬೈಯುತ್ತಾಳೆಂದು ಕಾದ. ಅವಳು ನೀರು ಕುಡಿದು ಲೋಟ ತೊಳೆದಿಟ್ಟಳು.

"ಬದಲಾಯಿಸಕ್ಕೆ ಆಗಲ್ವಂತಾ?"

"ಆಗಲ್ವಂತೆ. ಬೇಡ ಅಂದ್ರೆ ಮುಂದಿನ ವರ್ಷ ಮತ್ತೆ ಹಾಕಬಹುದಂತೆ." ಅವಳು ತೊಳೆದಿಟ್ಟ ಲೋಟವನ್ನು ಅವನು ಗೂಡಿಗೆ ಸೇರಿಸಿದ. "ಕಾಯ್ತೀಯಾ ಪುಟ್ಟಿ? ಕಾಯೋದಾದ್ರೆ ಕಾಯಿ. ನಾನಿದೀನಿ."

"ಒಂದು ವರ್ಷ ಬೆಳಗಾಗೆದ್ದು ನಿನ್ನ ಈ ಮುಖ ನೋಡ್ಕೊಂಡು ಕೂರಕ್ಕೆ ನನ್ನಿಂದಾಗಲ್ಲ ಅಪ್ಪ," ಎಂದಳು. ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವ ದನಿಯಲ್ಲಿ ಹೇಳಿದಳು. "ಸರ್ಟಿಫಿಕೇಟ್ ಯಾವತ್ತು ಕೊಡಬೇಕು?"

"ನಾಡಿದ್ದು."

"ಸರಿ. ರಜೆ ಹಾಕು."

ನಾಡಿದ್ದು ಬಂತು. ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಹಲ್ಲು ಬಿಟ್ಟ. "ಏನಣ್ಣ, ಮತ್ತೆ ಕೆಟ್ಟೋಯ್ತಾ?" ಎಂದ. "ಇಲ್ಲಪ್ಪ. ಮಗಳ ಅಡ್ಮಿಶನ್," ಎಂದ ಇವನು. "ಹಾಗನ್ನಿ! ಇನ್ಮೇಲೆ ದಿನಾ ಬಂದು ಎಣ್ಣೆ ಬಿಡ್ತೀರಿ," ಎಂದು ವಾಚ್‌ಮನ್ ಒಬ್ಬನೇ ನಕ್ಕ.

ಕಚೇರಿ ಮೂರನೇ ಮಹಡಿಯಲ್ಲಿ. ಲಿಫ್ಟಿನೊಳಗೆ, ಬಟನ್‌ಗಳ ಮೇಲೆ, ಗಾಜಿನ ಹಿಂದೆ ತಪಾಸಣೆಯ ಹಾಳೆ ಇತ್ತು. ತಿಂಗಳಿಗೊಂದು ಸಹಿ, ಎಲ್ಲವೂ ಅವನದೇ. ಮಗಳು ಹತ್ತಿರ ಹೋದಳು. ಗಾಜಿನ ಮೇಲೆ ಬೆರಳಿಟ್ಟು, ಮೊದಲನೇ ಸಾಲಿನಿಂದ ಕಡೆಯ ಸಾಲಿನವರೆಗೆ ಮೆಲ್ಲಗೆ ಇಳಿಸಿದಳು. ಬೆರಳನ್ನು ಮತ್ತೆ ಮೇಲಕ್ಕೆ ಒಯ್ದು ಮೊದಲನೆಯದರಲ್ಲೇ ನಿಲ್ಲಿಸಿದಳು.

"ಯಾವಾಗ್ಲೂ ಇದೇನಾ ಮೊದಲು?"

"ಹೂಂ. ಯಾವಾಗ್ಲೂ."

ಲಿಫ್ಟು ಸದ್ದಿಲ್ಲದೆ ಏರಿತು, ಸದ್ದಿಲ್ಲದೆ ನಿಂತಿತು. ಬಾಗಿಲು ತೆರೆದಾಗ ಒಳಗಿನ ನೆಲವೂ ಹೊರಗಿನ ನೆಲವೂ ಕೂದಲೆಳೆಯಷ್ಟೂ ಏರುಪೇರಿಲ್ಲದೆ ಕೂಡಿದ್ದವು. ಅಭ್ಯಾಸಬಲದಿಂದ ಅವನು ಆ ಗೆರೆಯ ಮೇಲೆ ಚಪ್ಪಲಿಯ ತುದಿ ಆಡಿಸಿ ನೋಡಿದ. ಮಗಳೂ ಕೆಳಗೆ ನೋಡಿದಳು. ಫೈಲನ್ನು ಎದೆಗವಚಿಕೊಂಡು ದಾಟಿದಳು.

ಅವಳು ಕಚೇರಿಯ ಸಾಲಿನಲ್ಲಿ ಕೊನೆಯವಳಾಗಿ ನಿಂತಳು. ಅವನು ಬಾಗಿಲಿಗೆ ಕೈ ಅಡ್ಡ ಹಿಡಿದುಕೊಂಡೇ ನಿಂತಿದ್ದ. ಲಿಫ್ಟಿನಲ್ಲಿ ಇನ್ನು ಇಳಿಯುವವರು ಯಾರೂ ಇರಲಿಲ್ಲ.